ಸತ್ತವರನ್ನೇ ಕಂಡ ಲೆನ್ಸ್

ಗೆಳೆಯರೇ, ನಮ್ಮ ಹಳ್ಳಕ್ಕೆ ಬಣ್ಣದ ಕಾರ್ಖಾನೆಯವರು ವಿಷನೀರು ಬಿಡುವುದು ಅನ್ಯಾಯ. ಅದರ ಫೋಟೊ ತೆಗೆದ ನನ್ನ ಕ್ಯಾಮೆರಾವನ್ನು ಲೆನ್ಸ್ ಸಮೇತ ಕದ್ದದ್ದು ಇನ್ನೊಂದು ಅನ್ಯಾಯ.

ಇವತ್ತು ಬನಹಟ್ಟಿಯ ಸ್ಟುಡಿಯೊದಲ್ಲಿ ಹಳೆಯ ಕ್ಯಾಮೆರಾ ಕೊಂಡೆ. ಲೆನ್ಸ್ ಆರಿಸುವಾಗ ಅಂಗಡಿಯ ಕಾಕಾ ಒಂದನ್ನು ಹಿಂದಕ್ಕೆ ಸರಿಸಿದರು.

"ಅದು ಬ್ಯಾಡ ತಮ್ಮಾ. ಸತ್ತವ್ರನ್ನ ಕೂಡ್ರಿಸಿ ಫೋಟೊ ತಗಿಯಾಕ ಇಟ್ಟದ್ದು. ಲಗ್ನಕ್ಕ ಯಾರೂ ಒಯ್ಯೂದಿಲ್ಲ."

"ಮೂಢನಂಬಿಕಿ ಬಿಡ್ರಿ ಕಾಕಾ" ಎಂದು ಅದನ್ನೇ ಹಾಕಿ ಅವರತ್ತ ನೋಡಿದೆ. ವಿಭೂತಿ ಹಚ್ಚಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದ ಕಾಕಾ ರೆಪ್ಪೆ ಬಡಿಯಲಿಲ್ಲ. ಉಸಿರಾಡಿದಂತೆಯೂ ಕಾಣಲಿಲ್ಲ. ನನ್ನ ಬೆರಳು ಕ್ಯಾಮೆರಾದ ಬಟನ್ ಮೇಲೆ ಹೋಯಿತು.

"ಒತ್ತಬ್ಯಾಡಲೇ!" ಎಂದು ಅವರು ಚಂಗನೆ ಎದ್ದರು.

ಆ ಲೆನ್ಸನ್ನೇ ತಂದಿದ್ದೇನೆ. ಹಳ್ಳದ ದಂಡೆಯಲ್ಲಿ ಮೀನು ಸತ್ತು ಬಿದ್ದಿವೆ. ಸತ್ತವರ ಫೋಟೊ ಈ ಲೆನ್ಸಿಗೆ ರೂಢಿಯ ಕೆಲಸ. ಪ್ರತಿಭಟನೆಗೆ ನೀವೆಲ್ಲ ಬನ್ನಿ. ಕದ್ದವರೂ ಬರಲಿ, ಕೂಡ್ರಿಸಿ ಒಂದು ಫೋಟೊ ತೆಗೆಯುತ್ತೇನೆ. ಭಾನುವಾರ ಬೆಳಿಗ್ಗೆ ಏಳಕ್ಕೆ, ಹಳ್ಳದ ಸೇತುವೆಯ ಮೇಲೆ.