ತಾಂಬರಂನಲ್ಲಿ ಆರಿಹೋದ ಆಕಾಶಗಂಗೆ

ಚೆನ್ನೈಗೆ ಬಂದ ಮೊದಲ ಮಳೆಗಾಲದಲ್ಲೇ ನನ್ನ ಆಕಾಶಗಂಗೆ ಆರಿಹೋಯಿತು. ಆರಿಸಿದವರು ತಾಂಬರಂನ ನನ್ನ ಮನೆ ಒಡತಿ ಸರೋಜಮ್ಮ. ಗುಡುಗು ಕೇಳಿದ್ದೇ ತಡ, ಮೇನ್ ಸ್ವಿಚ್ ಇಳಿಸಿ, "ಇಡಿ ಇಡಿಕ್ಕುದುಮ್ಮಾ, ಟೀವಿ ಪೋಯಿಡುಂ" ಎಂದರು. ಗುಡುಗುತ್ತಿದೆ, ಟೀವಿ ಹಾಳಾಗುತ್ತದೆ ಎಂದರ್ಥ. ನನಗೆ ಮೈಯೆಲ್ಲ ಉರಿಯಿತು.

ಸಿಡಿದ ನಕ್ಷತ್ರಗಳಿಂದ ಹೊರಟ ವಿಶ್ವಕಿರಣದ ಕಣಗಳು ಆಕಾಶಗಂಗೆಯ ಕಾಂತಕ್ಷೇತ್ರಗಳಲ್ಲಿ ಸಿಕ್ಕಿ, ದಿಕ್ಕು ತಪ್ಪಿ ಅಲೆಯುತ್ತವೆ. ಆ ಅಲೆದಾಟವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಊರು ಬಿಟ್ಟವರೂ ಹಾಗೇ ಅಲ್ಲವೇ ಎಂದು ಯಾರಾದರೂ ಹೋಲಿಸಿದರೆ ರೇಗುತ್ತದೆ. ಕಣಗಳಿಗೆ ಬಾಡಿಗೆ ಮನೆಯ ಕಾಟವಿಲ್ಲ.

ಈ ಲೆಕ್ಕ ವಾರಗಟ್ಟಲೆ ಓಡಬೇಕು. ಮಧ್ಯೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ನಾನು ಕೆಲಸ ಮಾಡುವ ಸಂಸ್ಥೆಯ ದೊಡ್ಡ ಯಂತ್ರದಲ್ಲಿ ನನ್ನಂಥ ತಾತ್ಕಾಲಿಕ ನೌಕರರ ಸರದಿ ಬರುವುದೇ ಇಲ್ಲ. ಗಡುವಿನೊಳಗೆ ಫಲಿತಾಂಶ ಕೊಡದಿದ್ದರೆ ಕೆಲಸ ಮುಂದುವರಿಯದು ಎಂದು ಹೆದರಿಸಲು ಮಾತ್ರ ಅಲ್ಲಿ ಎಲ್ಲರಿಗೂ ಪುರುಸೊತ್ತಿದೆ. ಹಾಗಾಗಿ ಕೋಣೆಯಲ್ಲೇ ಒಂದು ಯಂತ್ರ ಇಟ್ಟುಕೊಂಡೆ. ಯುಪಿಎಸ್ ಕೂಡ ಇತ್ತು. ಸರೋಜಮ್ಮನ ಹಠ ಅದಕ್ಕಿಂತ ಹೆಚ್ಚು ಹೊತ್ತು ಬಾಳುತ್ತಿತ್ತು.

ತುಮಕೂರಿನ ನಮ್ಮ ಮನೆಯಲ್ಲಿ ಸಿಟ್ಟು ಬಂದರೆ ಮುಖ ಊದಿಸಿಕೊಂಡು ಕೂರುತ್ತಿದ್ದೆವು. ಇಲ್ಲಿ ಮೆಟ್ಟಿಲ ಮೇಲೆ ನಿಂತು ಕೂಗಬೇಕು. ತರಕಾರಿ ಕೊಳ್ಳುವ ತಮಿಳಿಗಿಂತ ಮೊದಲು ಜಗಳದ ತಮಿಳು ಕಲಿತೆ. "ಯಾರು ಆಫ್ ಪಣ್ಣದು?" ಎಂದು ನಾನು ಅರಚಿದರೆ, "ನಾನ್ ದಾನ್, ಇಪ್ಪೊ ಎನ್ನಾ?" ಎಂದು ಅವರು. ಯಾರು ಆರಿಸಿದ್ದು, ನಾನೇ, ಈಗೇನು? ಜಗಳ ಮುಗಿದ ಮೇಲೆ ಅವರೇ ಮೆಣಸಿನ ರಸಂ ತಂದುಕೊಡುತ್ತಿದ್ದರು. ಅದು ಅಷ್ಟು ರುಚಿಯಾಗಿರುತ್ತಿತ್ತು ಎಂಬುದೂ ನನಗೆ ಸಿಟ್ಟೇ.

ಕೊನೆಗೆ ಯಂತ್ರವನ್ನು ಹೊದಿಕೆಯಲ್ಲಿ ಸುತ್ತಿ, ಕೋಯಂಬೇಡಿನಲ್ಲಿ ಬಸ್ಸು ಹತ್ತಿ, ತೊಡೆಯ ಮೇಲಿಟ್ಟುಕೊಂಡೇ ತುಮಕೂರಿಗೆ ಒಯ್ದೆ. ಗಡುವಿನೊಳಗೆ ಒಂದು ಸಲವಾದರೂ ಲೆಕ್ಕ ಪೂರ್ತಿ ಓಡಲಿ, ನಮ್ಮ ಮನೆಯಲ್ಲಿ ಕೇಳುವವರು ಯಾರು ಎಂಬ ಧೈರ್ಯ. ವಾರಗಟ್ಟಲೆ ಓಡಿತು ಕೂಡ. ಮುಗಿಯುವ ಹಿಂದಿನ ಸಂಜೆ ಅಂಗಡಿಯಿಂದ ಬರುವಾಗ ಗುಡುಗಿತು. ಮನೆಯೊಳಗೆ ಕತ್ತಲು. ಯುಪಿಎಸ್ ಕೂಗಿ ಕೂಗಿ ಸುಮ್ಮನಾಗಿತ್ತು. ಅಮ್ಮ ಮೇನ್ ಸ್ವಿಚ್ ಪಕ್ಕದಲ್ಲಿ ಮೇಣದಬತ್ತಿ ಹಿಡಿದು ನಿಂತಿದ್ದಳು.

ಮತ್ತೆ ಮೊದಲಿನಿಂದ ಓಡಿಸಲು ಸಮಯವಿರಲಿಲ್ಲ. ಕೆಲಸ ಹೋದಂತೆಯೇ. ನಾನು ಬಾಯಿಗೆ ಬಂದಂತೆ ಅರಚಿದೆ, ಉಸಿರು ಕಟ್ಟುವವರೆಗೆ. ಅಮ್ಮ ಮೇಣದಬತ್ತಿಯನ್ನು ನನ್ನ ಮುಖದ ಹತ್ತಿರ ತಂದು ನೋಡಿದಳು.

"ಬೈಯೋದಾದ್ರೆ ನಂಗೆ ಅರ್ಥ ಆಗೋ ಹಂಗೆ ಬೈಯಮ್ಮ," ಎಂದಳು.

ಆಡಿದ್ದೆಲ್ಲ ತಮಿಳು ಎಂದು ಆಗ ತಿಳಿಯಿತು. ಸರೋಜಮ್ಮನಿಗಾದರೆ ಒಂದು ಮಾತೂ ಬಿಡದೆ ಅರ್ಥವಾಗುತ್ತಿತ್ತು.