ಕಬ್ಬಿಣ ಯಾರ ತಾಟಿಗೆ

ಐವತ್ತರ ದಶಕದ ಮಾತು. ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ಅವ್ವ ಒಂದು ಬೆಳಿಗ್ಗೆ ಕೊಡ ಎತ್ತಹೋಗಿ, ಕಣ್ಣಿಗೆ ಕತ್ತಲೆ ಬಂದು ನಲ್ಲಿಯ ಕಟ್ಟೆಯ ಮೇಲೆ ಕುಸಿದಳು. ನಾಲ್ಕನೆಯ ಹೆರಿಗೆಯಾಗಿ ಎರಡು ತಿಂಗಳಾಗಿತ್ತು. ಮಂಗಳೂರು ಕಡೆಯ ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ರಕ್ತವೇ ಇಲ್ಲ ಮಾರಾಯ್ರೆ. ಹೀಗೇ ಬಿಟ್ಟರೆ ಜೀವಕ್ಕೆ ಕಷ್ಟ ಉಂಟು. ಮೈಗೆ ಕಬ್ಬಿಣದ ಅಂಶ ಬೇಕು. ಆಡಿನ ಲಿವರ್, ಇಲ್ಲಿಯವರು ಕಲೇಜಿ ಅಂತಾರಲ್ಲ, ಅದನ್ನು ಕೊಡಿ" ಎಂದರು.

ನಮ್ಮದು ಮೊಟ್ಟೆಯ ಸಿಪ್ಪೆ ಕಂಡರೂ ಕಾಲು ತೊಳೆಯುವ ಮನೆ. ಅಪ್ಪ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಗುಮಾಸ್ತ. ಹಾಗಾಗಿ ಕಬ್ಬಿಣದ ವಿಷಯದಲ್ಲಿ ತನಗೆ ಯಾರೂ ಬುದ್ಧಿ ಹೇಳಬೇಕಿಲ್ಲವೆಂದು ಅವನು ನಂಬಿದ್ದ.

"ಆಡು ಏನ್ ತಿಂತೈತ್ರಿ? ತಪ್ಪಲಾ ತಿಂತೈತಿ. ಅದನ್ನ ನಾವ ತಿಂದ್ರ ಆತು, ನಡುವ ಈ ಆಡು ಯಾಕ?"

ಡಾಕ್ಟರು ನಕ್ಕರು. ಕಲೇಜಿಯ ಕಬ್ಬಿಣ ಮೈಗೆ ಬೇಗ ಹತ್ತುತ್ತದೆ, ಸೊಪ್ಪಿನದು ಅಷ್ಟು ಹತ್ತುವುದಿಲ್ಲ, ಸೊಪ್ಪೇ ಆದರೆ ದಿನಾ ಬಟ್ಟಲು ತುಂಬ, ನಿಂಬೆಹುಳಿ ಹಿಂಡಿ ತಿನ್ನಬೇಕು ಎಂದರು. ಅಪ್ಪ ತಾನೇ ಗೆದ್ದವನಂತೆ ಮನೆಗೆ ಬಂದ.

ಅಂದಿನಿಂದ ದಿನಾ ನುಗ್ಗೆಸೊಪ್ಪಿನ ಪಲ್ಯ. ಅಪ್ಪ ಮೊದಲು ಉಂಡ, ಹೊಗಳಿ ಹೊಗಳಿ ಉಂಡ. ಆಮೇಲೆ ನಮ್ಮಲ್ಲೇ ಇದ್ದ ಕಾಕಾ ಉಂಡ. ಆಮೇಲೆ ತಮ್ಮಂದಿರು, ಮತ್ತೆ ನಾನು. ಹೌದು, ನಾನೂ ಉಂಡೆ, ಸುಳ್ಳು ಯಾಕೆ ಹೇಳಲಿ. ಅವ್ವ ಕಡೆಗೆ ಕೂತು ಬೋಗುಣಿಯನ್ನು ರೊಟ್ಟಿಯಿಂದ ಒರೆಸಿಕೊಂಡು ಉಣ್ಣುತ್ತಿದ್ದಳು. ಆ ಬೋಗುಣಿಗಾದರೂ ನಾಲ್ಕು ಹನಿ ರಕ್ತ ಹೆಚ್ಚಾಗಿರಬೇಕು.

ತಿಂಗಳಾದ ಮೇಲೆ ನೋಡಿದರೆ ಅವ್ವನ ರೆಪ್ಪೆ ಇನ್ನೂ ಬಿಳಿಚಿತ್ತು.

"ಸೊಪ್ಪು ಕೊಡ್ತಾ ಇದ್ದೀರಾ?" ಡಾಕ್ಟರು ಕೇಳಿದರು.

"ದಿನಾ ದೊಡ್ಡ ಬೋಗುಣಿ ತುಂಬ ಮಾಡ್ತೀವ್ರಿ" ಎಂದ ಅಪ್ಪ.

ಡಾಕ್ಟರು ಅಪ್ಪನ ತುಂಬಿದ ಕೆನ್ನೆಗಳನ್ನೇ ನೋಡಿದರು. "ಮಾಡಿದ್ದು ಸರಿ. ತಿಂದದ್ದು ಯಾರು?"

ಅಪ್ಪನಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಒಮ್ಮೆಲೇ ಬಹಳ ಆಸಕ್ತಿ ಹುಟ್ಟಿತು. ಇನ್ನೊಂದು ತಿಂಗಳು ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕಾದೀತು ಎಂದು ಡಾಕ್ಟರು ಹೇಳಿದಾಗ ನನಗೆ ಹೆದರಿಕೆಯಾಯಿತು.

ಪಕ್ಕದ ಖೋಲಿಯಲ್ಲಿ ಪ್ರತಿ ರವಿವಾರ ಕಲೇಜಿ ಬೇಯುತ್ತಿತ್ತು. ಅಪ್ಪನಿಗೆ ಗೊತ್ತಾಗದಂತೆ ಒಂದು ಬಟ್ಟಲು ಕೇಳಿಕೊಂಡು ಬರೋಣವೆಂದು ಹೋದೆ. ಆ ಮನೆಯ ಮಾಮಿಯ ಮುಖವೂ ಅವ್ವನಷ್ಟೇ ಬಿಳಿಚಿತ್ತು. ತಿಂದರೆ ಶಕ್ತಿ ಬರುತ್ತದೆಯೇ ಎಂದು ಕೇಳಿದೆ. "ನಂಗೆ ಹೇಗೆ ಗೊತ್ತಾಗಬೇಕು ಮಗಾ? ಅವರೆಲ್ಲ ಉಂಡ ಮೇಲೆ ನಂಗೆ ಉಳಿಯುವುದು ರಸ ಮಾತ್ರ" ಎಂದಳು. ಕಲೇಜಿ ಹೆಚ್ಚೋ ಸೊಪ್ಪು ಹೆಚ್ಚೋ ಎಂಬ ಗಂಡಸರ ವಾದ ನನ್ನ ಪಾಲಿಗೆ ಅಲ್ಲಿಗೆ ಮುಗಿಯಿತು. ಬರಿಗೈಲಿ ಮನೆಗೆ ಬಂದೆ.

ಅವತ್ತು ಅಪ್ಪ ಊಟಕ್ಕೆ ಕೂರುವ ಮೊದಲೇ ಪಲ್ಯವನ್ನೆಲ್ಲ ಬಟ್ಟಲಿಗೆ ಸುರಿದು ಅವ್ವನ ಮುಂದಿಟ್ಟೆ.

"ಗಂಡಸರದು ಇನ್ನೂ ಊಟ ಆಗಿಲ್ಲ" ಎಂದಳು.

"ಸತ್ತ ಮ್ಯಾಲ ಉಣ್ತೀ ಏನ?"

ಹೆತ್ತವಳಿಗೆ ಹಾಗೆ ಅಂದೆನಲ್ಲ ಎಂದು ಈಗಲೂ ಸಂಕಟವಾಗುತ್ತದೆ. ಆದರೆ ಅವ್ವ ಉಂಡಳು, ನಿಂಬೆಹುಳಿ ಹಿಂಡಿಕೊಂಡು, ಒಂದು ಎಲೆಯೂ ಬಿಡದೆ.

ಅಪ್ಪ ತಾಟಿನ ಮುಂದೆ ಕೂತು ಸುತ್ತ ನೋಡಿದ. "ಪಲ್ಯ ಎಲ್ಲಿ?"

ಅವ್ವ ರೊಟ್ಟಿ ಬಡಿಯುತ್ತಿದ್ದಳು, ತಿರುಗಿ ನೋಡಲಿಲ್ಲ.

"ಅದು ಔಷಧ ಅಲ್ಲೇನ್ರಿ. ನಿಮಗೇನ್ ಜಡ್ಡ ಆಗೇತಿ?"