ಹಕ್ಕು ಬಿಟ್ಟ ಪದಗಳು

ವಿದೇಶಿ ಸಂಶೋಧನಾ ಪತ್ರಿಕೆಯಲ್ಲಿ ಲೇಖನ ಅಚ್ಚಾದಂದಿನಿಂದ ಕೊಟ್ಟೂರಿನ ಕಾಲೇಜು ಮೇಷ್ಟ್ರು ಪಾಲಾಕ್ಷಪ್ಪನವರ ನಡಿಗೆಯೇ ಬದಲಾಗಿತ್ತು. ಲೇಖನ, ಹಿರೇಹಡಗಲಿಯಲ್ಲಿದ್ದ ತಮ್ಮ ಒಡಹುಟ್ಟಿದ ಅಕ್ಕ ಕೊಟ್ರಬಸಮ್ಮ ಹಾಡುತ್ತಿದ್ದ ಬೀಸುವ ಪದಗಳ ಮೇಲೆ. ಅಚ್ಚಾದದ್ದು ಇಂಗ್ಲಿಷಿನಲ್ಲಿ, ಪದಗಳೂ ಇಂಗ್ಲಿಷಿನಲ್ಲೇ. ಎರಡು ಸಾವಿರದ ಏಳರಲ್ಲಿ ಅವರು ಆ ಪುಟಗಳನ್ನು ಅಸ್ಲಂನ ಇಂಟರ್‌ನೆಟ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, ಲೋಕವೆಲ್ಲ ಓದಲೆಂದು ಬ್ಲಾಗಿಗೆ ಏರಿಸಿದರು. ಲೋಕ ಓದಿತೋ ಇಲ್ಲವೋ, ಪತ್ರಿಕೆಯವರು ಓದಿದರು.

"ತೆಗೀರಿ ಅಂತಾರ ಸರ," ಅವರ ಇಮೇಲ್ ಓದಿ ಅಸ್ಲಂ ಹೇಳಿದ. "ಇಲ್ಲಾಂದ್ರ ಕೋರ್ಟಂತ. ಹಕ್ಕೆಲ್ಲ ಅವರ್ದು, ನೀವ ಸೈ ಹಾಕೀರಂತ."

ಹಾಕಿದ್ದರು. ವಿದೇಶದಿಂದ ಬಂದ ಕಾಗದವನ್ನು ಓದಿ ಸೈ ಹಾಕುವುದು ಸಣ್ಣತನವೆಂದು ಭಾವಿಸಿದ್ದರು.

"ಒಂದು ದಾರಿ ಐತ್ರಿ. ಅವರು ತಿದ್ದೋಕಿಂತ ಮೊದ್ಲಿನ ನಿಮ್ಮ ಬರಹ ಹಾಕ್ಕೋಬೌದಂತ. ಅದನ್ನ ತರ್ರಿ."

ಮೇಷ್ಟ್ರು ತರುವುದೆಲ್ಲಿಂದ? ಅಂತರರಾಷ್ಟ್ರೀಯ ಲೇಖಕನ ಮನೆಯಲ್ಲಿ ಕರಡು ಯಾಕೆಂದು, ಕನ್ನಡದ ಪದಗಳ ಸಮೇತ ಅದನ್ನು ನೀರೊಲೆಗೆ ಹಾಕಿ ಸ್ನಾನ ಮಾಡಿಬಿಟ್ಟಿದ್ದರು.

ಪುಟ ಅಳಿಸಿ, ನೇರ ಹಿರೇಹಡಗಲಿ ಬಸ್ಸು ಹತ್ತಿದರು.

"ಅಕ್ಕಾ, ಪದ ಇನ್ನೊಮ್ಮಿ ಹೇಳ. ಬರಕಂತೀನಿ," ಎಂದು ನಡೆದದ್ದನ್ನೆಲ್ಲ ಹೇಳಿದರು.

"ಹಕ್ಕು ಬಿಟ್ಟೀನಂತ ಸೈ ಹಾಕಿದ್ಯಾ? ಅಪ್ಪನ ಹೊಲಕ್ಕ ನೀವು ತಮ್ಮಂದ್ರು ನನ್ನ ಹೆಬ್ಬಟ್ಟು ಒತ್ತಿಸ್ಕಂಡ್ರಲ್ಲ, ಹಂಗ?"

"ಹಂಗ ಅಕ್ಕಾ."

"ನನಗಾರ ಸೀರಿ-ಕುಬಸ ಕೊಟ್ರಿ. ನಿನಗೇನು ಕೊಟ್ರಲೇ?"

"ಪತ್ರಿಕಿದು ಎರಡು ಪ್ರತಿ."

ಅಕ್ಕ ನಕ್ಕಳು. ಆಮೇಲೆ ಹಾಡಲು ಬಾಯಿ ತೆರೆದಳು, ಪದ ಬರದೆ ಮುಚ್ಚಿದಳು. ಅವಳ ಬಲಗೈಗೆ ಲಕ್ವಾ ಹೊಡೆದು ವರ್ಷವಾಗಿತ್ತು.

"ಸುಮ್ಮನ ಕುಂತು ಹೇಳಂದ್ರ ಹೆಂಗಪಾ? ಕೈ ತಿರುಗಿದ್ರ ಬಾಯಿ ತಿರುಗತೈತಿ."

ಪಾಲಾಕ್ಷಪ್ಪನವರು ಹಿತ್ತಲಿನಿಂದ ಬೀಸುಕಲ್ಲು ಉರುಳಿಸಿ ತಂದು, ಜೋಳ ಸುರಿದು, ಪ್ಯಾಂಟು ಮಡಚಿ ಕೂತು ತಿರುಗಿಸಿದರು. ಕಲ್ಲು ಗುರುಗುಟ್ಟಿತು. ಅಕ್ಕನ ಗಂಟಲಿನಿಂದ ಅರ್ಧ ಸಾಲು ಬಂತು. ಅವರು ಗಡಿಬಿಡಿಯಲ್ಲಿ ಕೈಬಿಟ್ಟು ಪೆನ್ನು ಹಿಡಿದರು. ಕಲ್ಲು ನಿಂತಿತು, ಸಾಲೂ ನಿಂತಿತು. ಮತ್ತೆ ತಿರುಗಿಸಿದರು. ಇನ್ನೊಂದು ಅರ್ಧ ಬಂತು, ಬೇರೆ ಯಾವುದೋ ಪದದ್ದು. ಬಿಟ್ಟರೆ ಹಾಡಿಲ್ಲ, ಹಿಡಿದರೆ ಬರಹವಿಲ್ಲ.

"ನಿಲ್ಲಿಸಬ್ಯಾಡೋ ತಮ್ಮಾ," ಅಕ್ಕ ಕಣ್ಣು ಮುಚ್ಚಿಯೇ ಹೇಳಿದಳು. "ನಿಲ್ಲಿಸಿದ್ರ ಪದ ಹೋಗಿಬಿಡ್ತಾವ."

ಪಾಲಾಕ್ಷಪ್ಪನವರು ಪೆನ್ನು ಕೆಳಗಿಟ್ಟು, ಎರಡೂ ಕೈಯಲ್ಲಿ ಗೂಟ ಹಿಡಿದರು. ಅಂಗೈಯಲ್ಲಿ ಬೊಬ್ಬೆ ಎದ್ದವು. ಅಕ್ಕನ ಪದ ಬರುತ್ತಲೇ ಇತ್ತು, ಹಾಳೆಯ ಮೇಲೆ ಒಂದಕ್ಷರವೂ ಬೀಳಲಿಲ್ಲ. ಹಿಟ್ಟೇನೋ ಬೀಳುತ್ತಿತ್ತು.